ನಗುವಿಗೆ ಕೂಲಿ ಬೇಡವೇ?

ಕಳೆದ ವರ್ಷ ನಮ್ಮೂರ ಶಾಲೆಯ ವಾರ್ಷಿಕೋತ್ಸವದಲ್ಲಿ ಒಬ್ಬ ಮುಖಂಡರು ಭಾಷಣ ಮಾಡಿದರು. ಗಡಿನಾಡು ಹಿಂದುಳಿದಿದೆ, ಇಲ್ಲಿ ಕೈಗಾರಿಕೆಗಳಿಲ್ಲ, ಪ್ರವಾಸೋದ್ಯಮವೊಂದೇ ನಮಗುಳಿದ ದಾರಿ, ಒಂದು ಒಳ್ಳೆಯ ವಿನೋದ ಪಾರ್ಕು ಬಂದರೆ ಸಾಕು, ಮುನ್ನೂರು ಮಕ್ಕಳಿಗೆ ಕೆಲಸ ಖಂಡಿತ ಎಂದರು. ಚಪ್ಪಾಳೆ ಬಿತ್ತು. ಸಭೆ ಮುಗಿದು ಚಾ ಕುಡಿಯುವಾಗ ನಾನು ಅವರ ಬಳಿ ಹೋಗಿ, “ಆ ಮುನ್ನೂರು ಮಂದಿಗೆ ಸಂಬಳ ಎಷ್ಟು?” ಎಂದು ಕೇಳಿದೆ. ಅವರು ನಕ್ಕು ಸುಮ್ಮನಾದರು. ಪಕ್ಕದಲ್ಲಿದ್ದವರೊಬ್ಬರು ಅವರ ಪರವಾಗಿ ಉತ್ತರ ಕೊಟ್ಟರು: “ಅದೇನು ಗದ್ದೆಯ ಕೆಲಸವೇ ಮಾಷ್ಟ್ರೇ? ಆಟದ ಕೆಲಸ. ಮಕ್ಕಳು ಖುಷಿಯಲ್ಲಿ ಮಾಡಿಕೊಂಡು ಹೋಗುತ್ತಾರೆ.”

“ಆಟದ ಕೆಲಸ” ಎಂಬ ಆ ಮಾತಿನ ಮೇಲೆ ನನಗೊಂದು ತಕರಾರಿದೆ. ಅಂದು ಚಾದ ಲೋಟ ಕೈಯಲ್ಲಿ ಹಿಡಿದುಕೊಂಡು ಅದನ್ನು ಹೇಳಲಾಗಲಿಲ್ಲ. ಅದಕ್ಕಾಗಿ ಇಲ್ಲಿ ಬರೆಯುತ್ತಿದ್ದೇನೆ. ಈ ಸಂಚಿಕೆಯ ಕನ್ನಡ ಪುಟಗಳನ್ನೋದುವ ಬಂಧುಗಳೂ ಮಲಯಾಳ ಪುಟಗಳನ್ನೋದುವ ಗೆಳೆಯರೂ ಇದನ್ನು ತಮಗೇ ಹೇಳಿದ ಮಾತೆಂದು ತಿಳಿಯಬೇಕು. ಯಾಕೆಂದರೆ ಅಂಥ ಕೆಲಸಕ್ಕೆ ಹೋಗುತ್ತಿರುವವರು ನಿಮ್ಮ ನಮ್ಮ ಮನೆಯ ಮಕ್ಕಳೇ.

ಕೆಲವು ವರ್ಷಗಳ ಹಿಂದೆ ಮೊಮ್ಮಕ್ಕಳ ಹಟಕ್ಕೆ ಮಣಿದು ದೂರದ ಊರಿನ ಒಂದು ಪಾರ್ಕಿಗೆ ಹೋಗಿದ್ದೆ. ಅದು ಯಾವ ಪಾರ್ಕೆಂದು ಬರೆಯುವುದಿಲ್ಲ. ಬಾಗಿಲಿನಲ್ಲಿ ಒಂದು ದೊಡ್ಡ ಕರಡಿ ಮಕ್ಕಳನ್ನು ಅಪ್ಪಿಕೊಂಡು ಫೋಟೋಕ್ಕೆ ನಿಲ್ಲುತ್ತಿತ್ತು. ನನ್ನ ಮೊಮ್ಮಗಳನ್ನೂ ಅಪ್ಪಿಕೊಂಡಿತು. ಆಮೇಲೆ ನನ್ನ ಕಿವಿಯ ಹತ್ತಿರ ಬಾಗಿ, “ಮಾಷ್ಟ್ರೇ, ಹೇಗಿದ್ದೀರಿ?” ಎಂದು ನಮ್ಮೂರ ಕನ್ನಡದಲ್ಲಿ ಮೆಲ್ಲಗೆ ಕೇಳಿತು. ಏಳನೆಯ ತರಗತಿಯಲ್ಲಿ ನನ್ನಿಂದ ಪಾಠ ಹೇಳಿಸಿಕೊಂಡಿದ್ದ ಹುಡುಗ. ಕರಡಿ ಮಾತಾಡಿತೆಂದು ಮೊಮ್ಮಗಳು ಕುಣಿದಾಡಿದಳು. ಅವನು ಬೇಗ ಬೇಗ ಅತ್ತ ಸರಿದ. ವೇಷದಲ್ಲಿದ್ದಾಗ ಮಾತಾಡಿದರೆ ಸಂಬಳದಲ್ಲಿ ಹಿಡಿಯುತ್ತಾರೆಂದು ಸಂಜೆ ಬಸ್ಸಿಗೆ ಕಾಯುತ್ತಿದ್ದಾಗ ಹೇಳಿದ.

ಬಸ್ ನಿಲ್ದಾಣದಲ್ಲಿ ಅವನು ಹೇಳಿದ್ದಿಷ್ಟು. ಕೆಲಸ ಪಾರ್ಕಿನದ್ದಾದರೂ ಅವನನ್ನು ಇಟ್ಟುಕೊಂಡವನು ಒಬ್ಬ ಗುತ್ತಿಗೆದಾರ. ಸಹಿ ಹಾಕಿದ ಕಾಗದ ಇಂಗ್ಲಿಷಿನಲ್ಲಿತ್ತು, ಪ್ರತಿ ಅವನಿಗೆ ಕೊಡಲಿಲ್ಲ. ಸಂಬಳದ ಚೀಟಿ ಎಂಬುದನ್ನು ಅವನು ಕಂಡೇ ಇಲ್ಲ. ಉಡುಪಿನ ಠೇವಣಿಯೆಂದು ಮೊದಲ ತಿಂಗಳಲ್ಲಿ ಒಂದಷ್ಟು ಹಿಡಿದರು. ಅರ್ಧ ಗಂಟೆಗೊಮ್ಮೆ ಕರಡಿಯ ತಲೆ ತೆಗೆದು ಇನ್ನೊಬ್ಬನಿಗೆ ಕೊಡಬೇಕೆಂಬುದು ನಿಯಮ. ಆದರೆ ಜನ ಹೆಚ್ಚಿದ್ದ ದಿನ ಆ ಇನ್ನೊಬ್ಬನನ್ನು ಬೇರೆ ಕಡೆಗೆ ಕಳುಹಿಸುತ್ತಿದ್ದರು. ಒಳಗಿನ ಬಟ್ಟೆ ಒಣಗುವ ಮುಂಚೆಯೇ ಮತ್ತೆ ತೊಟ್ಟುಕೊಳ್ಳಬೇಕಾಗಿ ಮೈತುಂಬ ಕಜ್ಜಿ. ಓಣಂ, ದೀಪಾವಳಿ, ಕ್ರಿಸ್‌ಮಸ್, ಬೇಸಿಗೆ ರಜೆ ಯಾವುದಕ್ಕೂ ಊರಿಗೆ ಬರುವಂತಿಲ್ಲ, ಊರಿನವರೆಲ್ಲ ಪಾರ್ಕಿಗೆ ಬರುವ ಕಾಲ ಅದು. ಒಮ್ಮೆ ನೀರು ಬಿದ್ದ ಮೆಟ್ಟಿಲಲ್ಲಿ ಜಾರಿ ಕಾಲು ಉಳುಕಿತು, ಹತ್ತು ದಿನ ಮಲಗಿದ್ದಕ್ಕೆ ಹತ್ತು ದಿನದ ಸಂಬಳ ಹೋಯಿತು. ಕೈಗೆ ಸಿಗುತ್ತಿದ್ದ ಹಣ ಎಷ್ಟೆಂದೂ ಹೇಳಿದ. ನಮ್ಮೂರಲ್ಲಿ ಅಡಿಕೆ ಸುಲಿಯುವ ಹೆಂಗಸಿನ ದಿನಗೂಲಿಗಿಂತ ಅದು ಕಡಿಮೆ.

“ಹಾಗಾದರೆ ಬಿಟ್ಟು ಬಾರಪ್ಪ” ಎಂದೆ. “ಬಂದು ಏನು ಮಾಡುವುದು ಮಾಷ್ಟ್ರೇ?” ಎಂದ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ, ಮಲಯಾಳದ ಪರೀಕ್ಷೆಗಳಲ್ಲಿ ಹಿಂದೆ ಬಿದ್ದು, ಮಂಗಳೂರಿಗೋ ಬೆಂಗಳೂರಿಗೋ ಕೊಲ್ಲಿ ದೇಶಕ್ಕೋ ಸಿಕ್ಕಿದ ಕೆಲಸಕ್ಕೆ ಹೋಗುವ ನಮ್ಮ ಮಕ್ಕಳಲ್ಲಿ ಅವನೊಬ್ಬ. 1956ರಿಂದ ನಾವು ಭಾಷೆಯ ಬಗ್ಗೆ ಎಷ್ಟೋ ಠರಾವುಗಳನ್ನು ಮಾಡಿದ್ದೇವೆ. ಆ ಭಾಷೆಯಲ್ಲಿ ಕಲಿತವನ ಸಂಬಳದ ಬಗ್ಗೆ ಒಂದಾದರೂ ಠರಾವು ಮಾಡಿದ್ದೇವೆಯೇ?

ಇದು ನಮ್ಮ ದೇಶದ ಬಡತನದ ಕಥೆ, ಮುಂದುವರಿದ ದೇಶಗಳಲ್ಲಿ ಹೀಗಿರಲಿಕ್ಕಿಲ್ಲ ಎಂದು ಯಾರಾದರೂ ಹೇಳಿಯಾರು. ಹಾಗಾದರೆ ಇಂದಿನ ಪಾರ್ಕುಗಳೆಲ್ಲ ಯಾವುದನ್ನು ನೋಡಿ ಬೆಳೆದವೋ ಅದರ ಕಥೆಯನ್ನೇ ನೋಡೋಣ.

ಅಮೆರಿಕದ ಕ್ಯಾಲಿಫೋರ್ನಿಯಾದ ಆನಹೈಮ್ ಎಂಬಲ್ಲಿ ಕಿತ್ತಳೆ ತೋಟಗಳನ್ನು ಕಡಿದು ಮಾಡಿದ ಜಾಗದಲ್ಲಿ 1955ರ ಜುಲೈ 17ರಂದು ಡಿಸ್ನಿಲ್ಯಾಂಡ್ ತೆರೆಯಿತು. ಅಲ್ಲಿ ದುಡಿಯುವವರನ್ನು ನೌಕರರೆಂದು ಕರೆಯುವುದಿಲ್ಲ. ಕಸ ಗುಡಿಸುವವನಿಂದ ಹಿಡಿದು ಟಿಕೆಟು ಹರಿಯುವವಳ ತನಕ ಎಲ್ಲರೂ ‘ಕಾಸ್ಟ್ ಮೆಂಬರ್’, ಅಂದರೆ ಪಾತ್ರಧಾರಿಗಳು. ಜನ ಓಡಾಡುವ ಜಾಗಕ್ಕೆ ರಂಗದ ಮೇಲೆ ಎನ್ನುತ್ತಾರೆ, ನೌಕರರು ಊಟ ಮಾಡಿ ಬಟ್ಟೆ ಬದಲಾಯಿಸುವ ಜಾಗಕ್ಕೆ ರಂಗದ ಹಿಂದೆ ಎನ್ನುತ್ತಾರೆ. ಯಕ್ಷಗಾನ ಕಂಡ ನಮಗೆ ಇದು ಹೊಸದಲ್ಲ. ರಂಗಸ್ಥಳ ಮತ್ತು ಚೌಕಿ! ಆದರೆ ನಮ್ಮ ಮೇಳದ ಪಾತ್ರಧಾರಿಗೆ ತಾನು ಪಾತ್ರಧಾರಿಯೆಂದು ಗೊತ್ತಿರುತ್ತದೆ. ಅಲ್ಲಿಯಾದರೋ ಪಾಯಿಖಾನೆ ತೊಳೆಯುವವನಿಗೂ ಆ ಹೆಸರು ಕೊಟ್ಟರು. ಹೆಸರು ದೊಡ್ಡದಾಯಿತು. ಸಂಬಳ?

2018ರ ಫೆಬ್ರವರಿಯಲ್ಲಿ ಡಿಸ್ನಿಲ್ಯಾಂಡಿನ ನೌಕರರ ಬಗ್ಗೆ ಒಂದು ಸಮೀಕ್ಷೆಯ ವರದಿ ಹೊರಬಂತು. ಆಕ್ಸಿಡೆಂಟಲ್ ಕಾಲೇಜಿನ ವಿದ್ವಾಂಸರೂ ಇಕನಾಮಿಕ್ ರೌಂಡ್‌ಟೇಬಲ್ ಎಂಬ ಸಂಶೋಧನಾ ಸಂಸ್ಥೆಯೂ ಸೇರಿ ಸುಮಾರು 5,000 ನೌಕರರಿಂದ ಉತ್ತರ ಪಡೆದಿದ್ದರು. ಉತ್ತರಿಸಿದವರಲ್ಲಿ ಹತ್ತಕ್ಕೆ ಏಳಕ್ಕಿಂತ ಹೆಚ್ಚು ಮಂದಿ, ತಮ್ಮ ಸಂಪಾದನೆ ತಿಂಗಳ ಮೂಲ ಖರ್ಚಿಗೂ ಸಾಲುವುದಿಲ್ಲ ಎಂದರು. ಹಿಂದಿನ ಎರಡು ವರ್ಷಗಳಲ್ಲಿ ಒಮ್ಮೆಯಾದರೂ ಮನೆಯಿಲ್ಲದೆ ಇದ್ದೆವು ಎಂದವರು ಹತ್ತರಲ್ಲಿ ಒಬ್ಬರು. ಬೆಲೆಯೇರಿಕೆಯನ್ನು ಕಳೆದು ನೋಡಿದರೆ 2000ದಿಂದ 2017ರ ನಡುವೆ ಅಲ್ಲಿನ ಸರಾಸರಿ ಗಂಟೆಗೂಲಿ ಶೇಕಡಾ 15ರಷ್ಟು ಇಳಿದಿತ್ತು. ಕಾರ್ಮಿಕ ಸಂಘಗಳು ಹಣ ಕೊಟ್ಟು ಮಾಡಿಸಿದ ವರದಿಯೆಂದು ಕಂಪೆನಿ ಇದನ್ನು ಅಲ್ಲಗಳೆಯಿತು. ಹಣ ಕೊಟ್ಟವರು ಸಂಘದವರೆಂಬುದು ನಿಜ. ಆದರೆ ಅದೇ ವರ್ಷ ಕಂಪೆನಿಯೇ ಬಹಿರಂಗಪಡಿಸಿದ ಲೆಕ್ಕವನ್ನು ಯಾರು ಅಲ್ಲಗಳೆಯುತ್ತಾರೆ? 2018ರಲ್ಲಿ ಅದರ ಮುಖ್ಯಸ್ಥ ಬಾಬ್ ಐಗರ್ ಅವರ ಒಟ್ಟು ಸಂಪಾದನೆ 6 ಕೋಟಿ 56 ಲಕ್ಷ ಡಾಲರ್. ಕಂಪೆನಿಯ ನೌಕರರನ್ನೆಲ್ಲ ಸಂಬಳದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಲ್ಲುವವನ ಸಂಬಳಕ್ಕೆ ಅದು 1,424 ಪಟ್ಟು. ವಾಲ್ಟ್ ಡಿಸ್ನಿಯ ಅಣ್ಣನ ಮೊಮ್ಮಗಳು ಅಬಿಗೈಲ್ ಡಿಸ್ನಿಯೇ ಇದನ್ನು ಎತ್ತಿಕೊಂಡು ಬಹಿರಂಗವಾಗಿ ಛೀಮಾರಿ ಹಾಕಿದರು, 2022ರಲ್ಲಿ ಆ ಬಗ್ಗೆ ಒಂದು ಸಾಕ್ಷ್ಯಚಿತ್ರವನ್ನೂ ತಂದರು.

ಇನ್ನೊಂದು ಸಂಗತಿಯಿದೆ, ಬರೆಯಲು ಸಂಕೋಚವಾಗುತ್ತದೆ. ಫ್ಲಾರಿಡಾದಲ್ಲಿರುವ ಅದೇ ಕಂಪೆನಿಯ ಪಾರ್ಕುಗಳಲ್ಲಿ ಮಿಕ್ಕಿ ಇಲಿ ಮುಂತಾದ ವೇಷ ಹಾಕುವವರು 2001ರ ತನಕ ವೇಷದೊಳಗಿನ ಒಳಉಡುಪನ್ನು ಹಂಚಿಕೊಂಡು ಧರಿಸಬೇಕಾಗಿತ್ತು. ಇವತ್ತು ಒಬ್ಬ ತೊಟ್ಟದ್ದು ಒಗೆದು ನಾಳೆ ಇನ್ನೊಬ್ಬನಿಗೆ. ಸರಿಯಾಗಿ ಒಗೆಯದೆ ಹೇನು, ತುರಿಕಜ್ಜಿ ಹತ್ತಿತೆಂದು ನೌಕರರು ದೂರಿದರು. ಪ್ರತಿಯೊಬ್ಬನಿಗೂ ಅವನದೇ ಆದ ಒಳಉಡುಪು ಸಿಗಲು, ಅದನ್ನು ಮನೆಗೆ ಕೊಂಡುಹೋಗಿ ತಾನೇ ಒಗೆದುಕೊಳ್ಳುವ ಹಕ್ಕು ಸಿಗಲು ಕಾರ್ಮಿಕ ಸಂಘ ಕಂಪೆನಿಯೊಡನೆ ಮಾತುಕತೆ ನಡೆಸಿ ಒಪ್ಪಂದ ಮಾಡಿಕೊಳ್ಳಬೇಕಾಯಿತು. ಲೋಕದ ಅತ್ಯಂತ ಸಂತೋಷದ ಜಾಗವೆಂದು ತನ್ನನ್ನು ತಾನೇ ಕರೆದುಕೊಂಡ ಕಂಪೆನಿಯಲ್ಲಿ! ನನ್ನ ಕರಡಿ ಹುಡುಗನ ಮೈಯ ಕಜ್ಜಿ ನೆನಪಾಗಿ ಇದನ್ನು ಬರೆದೆ.

ಕುಟುಂಬ, ಬಳಗ, ಪಾತ್ರಧಾರಿ ಎಂಬ ಮಾತುಗಳೆಲ್ಲ ಕಷ್ಟ ಬಂದಾಗ ಎಲ್ಲಿ ಹೋಗುತ್ತವೆ ಎಂಬುದನ್ನು 2020 ತೋರಿಸಿತು. ಕೊರೋನಾದ ಕಾರಣ ಪಾರ್ಕುಗಳು ಮುಚ್ಚಿದ್ದಾಗ ಆ ವರ್ಷದ ಸೆಪ್ಟೆಂಬರಿನಲ್ಲಿ ಕಂಪೆನಿ 28,000 ಮಂದಿಯನ್ನು ತೆಗೆಯುವುದಾಗಿ ಪ್ರಕಟಿಸಿತು. ಅವರಲ್ಲಿ ಮೂರನೇ ಎರಡು ಪಾಲು ಅರೆಕಾಲಿಕ ನೌಕರರು. ಪಾರ್ಕು ಮುಚ್ಚಿದಾಗ ನಷ್ಟವಾಗುತ್ತದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಕುಟುಂಬವೆಂದು ಕರೆದವರು ಮನೆಯ ಮಕ್ಕಳನ್ನು ಹೀಗೆ ಬಿಡುತ್ತಾರೆಯೇ ಎಂದಷ್ಟೇ ಕೇಳುತ್ತೇನೆ. ಬಿಡುವುದಾದರೆ ಆ ಪದವನ್ನು ಬಳಸಬಾರದು. ನೌಕರ ಎನ್ನಲಿ, ನೌಕರನ ಹಕ್ಕು ಕೊಡಲಿ.

ಆದರೆ ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಮುಗಿದಿದ್ದರೆ ನಾನಿದನ್ನು ಬರೆಯುತ್ತಲೂ ಇರಲಿಲ್ಲ. 1984ರಲ್ಲಿಯೇ ಡಿಸ್ನಿಲ್ಯಾಂಡಿನ ಸುಮಾರು 1,800 ನೌಕರರು 22 ದಿನ ಮುಷ್ಕರ ಹೂಡಿದ್ದರು. 2018ರ ನವೆಂಬರಿನಲ್ಲಿ ಆನಹೈಮ್ ನಗರದ ಮತದಾರರು ಒಂದು ನಿಯಮವನ್ನು ಮತ ಹಾಕಿ ಅಂಗೀಕರಿಸಿದರು. ನಗರಸಭೆಯಿಂದ ಸಹಾಯಧನ ಪಡೆಯುವ ಆತಿಥ್ಯೋದ್ಯಮದ ಮಾಲಕರು ಗಂಟೆಗೆ ಕನಿಷ್ಠ 15 ಡಾಲರ್ ಕೊಡಬೇಕು, ಮುಂದೆ ವರ್ಷ ವರ್ಷ ಅದನ್ನು ಏರಿಸಬೇಕು ಎಂಬುದು ಆ ನಿಯಮ. ತನಗೆ ಇದು ಅನ್ವಯಿಸುವುದಿಲ್ಲವೆಂದು ಕಂಪೆನಿ ವಾದಿಸಿತು. ನೌಕರರು ನ್ಯಾಯಾಲಯಕ್ಕೆ ಹೋದರು. 2023ರಲ್ಲಿ ಮೇಲ್ಮನವಿ ನ್ಯಾಯಾಲಯ ನೌಕರರ ಪರವಾಗಿ ತೀರ್ಪು ಕೊಟ್ಟಿತು. 2024ರ ಕೊನೆಗೆ ಕಂಪೆನಿ 50,000ಕ್ಕೂ ಹೆಚ್ಚು ನೌಕರರಿಗೆ ಹಿಂಬಾಕಿಯಾಗಿ ಒಟ್ಟು 23 ಕೋಟಿ 30 ಲಕ್ಷ ಡಾಲರ್ ಕೊಡಲು ಒಪ್ಪಿತು. ಅದೇ 2024ರ ಮೇ ತಿಂಗಳಲ್ಲಿ ಅಲ್ಲಿನ ವೇಷಧಾರಿಗಳೂ ಮೆರವಣಿಗೆಯ ಕಲಾವಿದರೂ ಸೇರಿ ಸುಮಾರು 1,700 ಮಂದಿ ರಹಸ್ಯ ಮತದಾನದಲ್ಲಿ ಕಾರ್ಮಿಕ ಸಂಘವನ್ನು ಆರಿಸಿಕೊಂಡರು. ಮಿಕ್ಕಿ ಇಲಿಯೂ ಸಂಘ ಕಟ್ಟಿತು!

ಸಂಬಳ ಏರಿಸಿದರೆ ಪಾರ್ಕು ಮುಚ್ಚುತ್ತದೆ ಎಂದು ಹೆದರಿಸುವವರು ಇದಕ್ಕೆ ಉತ್ತರ ಕೊಡಲಿ. ಡಿಸ್ನಿಲ್ಯಾಂಡ್ ಮುಚ್ಚಿತೇ? 2024ರಲ್ಲಿ ಜನ ಹೆಚ್ಚಿರುವ ದಿನಗಳ ಒಂದು ಟಿಕೆಟಿಗೆ 206 ಡಾಲರ್ ಆಗಿತ್ತು, ಆದರೂ ಸರತಿ ಸಾಲು ಕರಗಲಿಲ್ಲ.

ಈ ಬೆದರಿಕೆ ನಮಗೇನು ಹೊಸತೇ? 1966ರಲ್ಲಿ ಬೀಡಿ ಕಾರ್ಮಿಕರ ಕಾಯ್ದೆ ಬಂದು, ಕೇರಳ ಸರಕಾರ ಅದನ್ನು ಜಾರಿಮಾಡಲು ಹೊರಟಾಗ ಮಂಗಳೂರಿನ ಬೀಡಿ ಮಾಲಕರು ಕಣ್ಣೂರು ಕಡೆಯ ತಮ್ಮ ಶಾಖೆಗಳನ್ನು ಮುಚ್ಚಿದರು. ಸಾವಿರಾರು ಮಂದಿ ಬೀದಿಗೆ ಬಿದ್ದರು. ಅವರು ಸುಮ್ಮನೆ ಕುಳಿತರೇ? 1969ರಲ್ಲಿ ದಿನೇಶ್ ಬೀಡಿ ಸಹಕಾರಿ ಸಂಘವನ್ನು ಕಟ್ಟಿದರು. ಕಾಸರಗೋಡಿನ ಎಷ್ಟೋ ಮನೆಗಳಲ್ಲಿ ಅಮ್ಮಂದಿರ ಮಡಿಲಲ್ಲಿದ್ದ ಬೀಡಿಯ ಮೊರ ಮಕ್ಕಳ ಶಾಲೆಯ ಖರ್ಚನ್ನು ನಡೆಸಿದೆ. ಬೀಡಿ ಕಟ್ಟುವುದನ್ನೂ ಒಂದು ಕಾಲದಲ್ಲಿ ಮನೆಯಲ್ಲಿ ಕುಳಿತು ಮಾಡುವ ಸುಲಭದ ಕೆಲಸವೆಂದು ಕರೆದಿದ್ದರು. ಭವಿಷ್ಯನಿಧಿ, ಬೋನಸು, ರಜೆ ಎಲ್ಲ ಕೇಳಿದ ಮೇಲೆಯೇ ಅದು ಕೆಲಸವೆನಿಸಿತು. ಕಣ್ಣೂರಿನ ಪರಶ್ಶಿನಿಕಡವಿನಲ್ಲಿ ಒಂದು ವಿನೋದ ಪಾರ್ಕನ್ನೇ ಸಹಕಾರಿ ಸಂಘವೊಂದು ನಡೆಸುತ್ತಿದೆ. ಪಾರ್ಕು ಎಂದರೆ ಬಂಡವಾಳಗಾರನದ್ದೇ ಆಗಬೇಕೆಂದಿಲ್ಲ ಎಂಬುದಕ್ಕೆ ಅದು ಸಾಕ್ಷಿ. ಸಹಕಾರಿ ಎಂದ ಮಾತ್ರಕ್ಕೆ ಸಂಬಳ ಕೇಳಬಾರದೆಂದೂ ಇಲ್ಲ, ಅಲ್ಲಿಯೂ ಕೇಳಲೇಬೇಕು.

ಈಗ ಆ “ಆಟದ ಕೆಲಸ”ವನ್ನು ಸ್ವಲ್ಪ ಬಿಡಿಸಿ ನೋಡಿ. ದೊಡ್ಡ ಚಕ್ರದ ಬಳಿ ನಿಂತವನು ದಿನಕ್ಕೆ ನೂರಾರು ಮಂದಿಯ ಸೊಂಟದ ಪಟ್ಟಿಯನ್ನು ಕೈಯಿಂದ ಎಳೆದು ನೋಡುತ್ತಾನೆ. ಅವನು ಒಂದನ್ನು ಮರೆತರೆ ಒಂದು ಜೀವ ಹೋಗುತ್ತದೆ. ನೀರಿನ ಕೊಳದ ಬಳಿ ಕಾವಲಿರುವವಳು ಬಿಸಿಲಲ್ಲಿ ಕಣ್ಣು ಮಿಟುಕಿಸದೆ ನೂರು ತಲೆಗಳನ್ನು ಎಣಿಸುತ್ತಿರಬೇಕು. ಕೊಳದ ನೀರಿಗೆ ಕ್ಲೋರಿನ್ ಹಾಕುವವನು ಅದರ ಗಾಳಿಯನ್ನು ಕುಡಿಯುತ್ತಾನೆ. ಅಡುಗೆ ಮನೆಯಲ್ಲಿ, ಬಟ್ಟೆ ಕಪಾಟುಗಳ ಬಳಿ, ಪಾಯಿಖಾನೆಯಲ್ಲಿ ದುಡಿಯುವವರನ್ನು ಯಾರೂ ಫೋಟೋ ತೆಗೆಯುವುದಿಲ್ಲ. ಇವರೆಲ್ಲರಿಗೂ ಮೇಲಿನಿಂದ ಇನ್ನೊಂದು ಹೊರೆ: ನಗುತ್ತಿರಬೇಕು. ಮನೆಯಲ್ಲಿ ಸಾವಾಗಿದ್ದರೂ ನಗಬೇಕು, ಬೈದವನಿಗೂ ನಗಬೇಕು. ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲಿ ವಿಮಾನದ ಪರಿಚಾರಿಕೆಯರ ಬಗ್ಗೆ ಪುಸ್ತಕ ಬರೆದು ಇದನ್ನು ಭಾವನೆಯ ದುಡಿಮೆಯೆಂದು ಕರೆದರು. ಮೈಯ ದುಡಿಮೆಗೆ ದಣಿವಿರುವಂತೆ ಇದಕ್ಕೂ ದಣಿವಿದೆ. ಮಾಲಕ ಟಿಕೆಟಿನಲ್ಲಿ ಮಾರುವುದು ಆ ನಗುವನ್ನೂ ಸೇರಿಸಿಯೇ. ಮಾರುವಾಗ ಅದಕ್ಕೆ ಬೆಲೆಯಿದ್ದರೆ ಕೊಳ್ಳುವಾಗಲೂ ಬೆಲೆಯಿರಬೇಕಲ್ಲವೇ?

ಇಲ್ಲಿ ನಮ್ಮನ್ನೂ ನಾವು ನೋಡಿಕೊಳ್ಳಬೇಕು. ಪಾರ್ತಿಸುಬ್ಬನ ಸೀಮೆಯವರು ನಾವು. ಯಕ್ಷಗಾನ ನಮ್ಮ ಹೆಮ್ಮೆ. ಆದರೆ ಪತ್ತನಾಜೆಗೆ ಮೇಳ ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದಲ್ಲಿ ಕಲಾವಿದನ ಒಲೆ ಹೇಗೆ ಉರಿಯುತ್ತದೆಂದು ನಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೇವೆ? ರಾತ್ರಿ ದೈವದ ಮುಂದೆ ಕೈಮುಗಿದು ನಿಂತವರು ಬೆಳಗ್ಗೆ ಬಣ್ಣ ತೊಳೆದ ಮನುಷ್ಯನನ್ನು ಅಂಗಳದ ಹೊರಗೆ ನಿಲ್ಲಿಸಿದ ಕಾಲ ಬಹಳ ಹಿಂದಿನದ್ದಲ್ಲ. ವೇಷವನ್ನು ಪೂಜಿಸಿ ವೇಷಧಾರಿಯನ್ನು ಮರೆಯುವ ವಿದ್ಯೆಯನ್ನು ನಾವು ಅಮೆರಿಕದಿಂದ ಕಲಿಯಬೇಕಾಗಿರಲಿಲ್ಲ. “ಅವನಿಗೆ ಕಲೆಯ ಹುಚ್ಚು, ಹಣ ಯಾಕೆ?” ಎಂದು ನಾವು ಚೌಕಿಯಲ್ಲಿ ಹೇಳಿದ ಮಾತನ್ನೇ ಮಾಲಕ ಪಾರ್ಕಿನಲ್ಲಿ “ಖುಷಿಯಲ್ಲಿ ಮಾಡುತ್ತಾರೆ” ಎಂದು ಹೇಳುತ್ತಿದ್ದಾನೆ. ಖುಷಿಯಲ್ಲಿ ಮಾಡುವವನಿಗೂ ಹಸಿವಾಗುತ್ತದೆ.

ಇದು ವಿದ್ಯಾರ್ಥಿಗಳು ಎರಡು ತಿಂಗಳು ಮಾಡಿ ಬಿಡುವ ಕೆಲಸ ಎಂಬ ವಾದವೂ ಇದೆ. ಎರಡು ತಿಂಗಳು ದುಡಿದವನಿಗೆ ಎರಡು ತಿಂಗಳ ಸಂಬಳ ಪೂರ್ತಿ ಕೊಡಬೇಕು, ಅವನು ವಿದ್ಯಾರ್ಥಿಯೆಂದು ಅಂಗಡಿಯವನು ಅಕ್ಕಿಯನ್ನು ಅಗ್ಗಕ್ಕೆ ಕೊಡುವುದಿಲ್ಲ. ಮೇಲಾಗಿ ವಿದ್ಯಾರ್ಥಿಗಳೆಂದು ಸೇರಿದವರಲ್ಲಿ ಎಷ್ಟೋ ಮಂದಿ ಐದು ವರ್ಷ, ಹತ್ತು ವರ್ಷ ಅಲ್ಲೇ ಇರುತ್ತಾರೆ, ಕಾಗದದಲ್ಲಿ ಮಾತ್ರ ಪ್ರತಿ ವರ್ಷ ಹೊಸಬರಾಗುತ್ತಾರೆ.

ಕಾನೂನು ಇಲ್ಲವೆಂದಲ್ಲ. ಕೇರಳದ 1960ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ವ್ಯಾಖ್ಯೆಯಲ್ಲಿ ನಾಟಕಶಾಲೆಯೂ ಸಾರ್ವಜನಿಕರ ವಿನೋದದ ಇತರ ಸ್ಥಳಗಳೂ ಸೇರಿವೆ. ಆ ಕಾಯ್ದೆಗೆ 2018ರಲ್ಲಿ ಒಂದು ತಿದ್ದುಪಡಿ ಬಂತು. ನೌಕರರಿಗೆ ಕುಳಿತುಕೊಳ್ಳಲು ಆಸನ ಕೊಡಬೇಕು ಎಂಬುದು ಅದು. ಕೂರುವುದಕ್ಕೂ ಕಾಯ್ದೆ ಬೇಕೇ ಎಂದು ನಗಬೇಡಿ. ಕೋಯಿಕ್ಕೋಡಿನ ಬಟ್ಟೆಯಂಗಡಿಗಳಲ್ಲಿ ದಿನವಿಡೀ ನಿಂತು, ಮೂತ್ರಕ್ಕೆ ಹೋಗಲೂ ಬಿಡುವಿಲ್ಲದೆ ಕಾಯಿಲೆ ಬಿದ್ದ ಹೆಣ್ಣುಮಕ್ಕಳು, ಪಿ. ವಿಜಿ ಎಂಬ ಹೊಲಿಗೆ ಕೆಲಸದ ಹೆಣ್ಣುಮಗಳ ಮುಂದಾಳತ್ವದಲ್ಲಿ ವರ್ಷಗಟ್ಟಲೆ ಹೋರಾಡಿ ಆ ಒಂದು ಕುರ್ಚಿಯನ್ನು ಗಳಿಸಿದರು. 2021ರಲ್ಲಿ ತಮಿಳುನಾಡೂ ಅದೇ ದಾರಿ ಹಿಡಿಯಿತು. ಹತ್ತು ಗಂಟೆ ನಿಂತ ನನ್ನ ಕರಡಿ ಹುಡುಗನಿಗೆ ಈ ಸುದ್ದಿಯನ್ನು ಯಾರೂ ಮುಟ್ಟಿಸಿರಲಿಲ್ಲ.

ಇ.ಎಸ್.ಐ. ಇದೆ. ಹತ್ತು ಮಂದಿ ದುಡಿಯುವ ಸಂಸ್ಥೆಗೂ ಅದು ಅನ್ವಯಿಸುತ್ತದೆ, 2017ರಲ್ಲಿ ಅದರ ಸಂಬಳದ ಮಿತಿಯನ್ನು ತಿಂಗಳಿಗೆ 21,000 ರೂಪಾಯಿಗೆ ಏರಿಸಲಾಯಿತು. ಅವನ ಹೆಸರು ಅದರಲ್ಲಿದ್ದಿದ್ದರೆ ಆ ಹತ್ತು ದಿನ ಬರಿಗೈಯಲ್ಲಿ ಮಲಗಬೇಕಾಗಿರಲಿಲ್ಲ. 2025ರ ನವೆಂಬರ್ 21ರಂದು ಕೇಂದ್ರ ಸರಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿತು. ಕೆಲಸದಿಂದ ತೆಗೆಯುವುದನ್ನು ಇವು ಸುಲಭ ಮಾಡುತ್ತವೆಂದು ಕಾರ್ಮಿಕ ಸಂಘಗಳು ಪ್ರತಿಭಟಿಸಿವೆ. ಆ ಆಕ್ಷೇಪದಲ್ಲಿ ಹುರುಳಿದೆ ಎಂದೇ ನನ್ನ ಅಭಿಪ್ರಾಯ. ಆದರೂ ಅವುಗಳಲ್ಲಿ ಬರೆದಿರುವ ಮೂರು ವಿಷಯಗಳನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಪ್ರತಿ ನೌಕರನಿಗೂ ನೇಮಕಾತಿ ಪತ್ರ, ಹೆಚ್ಚುವರಿ ಹೊತ್ತಿನ ದುಡಿಮೆಗೆ ಎರಡು ಪಟ್ಟು ಸಂಬಳ, ನಿಗದಿತ ಅವಧಿಗೆಂದು ಮಾಲಕನೇ ನೇಮಿಸಿಕೊಂಡವನಿಗೂ ಒಂದು ವರ್ಷ ದುಡಿದರೆ ಗ್ರಾಚ್ಯುಯಿಟಿ. ಹಿಂದೆ ಗ್ರಾಚ್ಯುಯಿಟಿಗೆ ಐದು ವರ್ಷ ಕಾಯಬೇಕಿತ್ತು, ನಾಲ್ಕೂವರೆ ವರ್ಷಕ್ಕೇ ಮನೆಗೆ ಕಳುಹಿಸುವ ಚತುರರಿದ್ದರು.

ಆದರೆ ಬರೆದ ಕಾನೂನು ತಾನಾಗಿ ನಡೆದು ಬರುವುದಿಲ್ಲ. ಕೇಳುವವನಿಗೆ ಓದಲು ಬರುವ ಭಾಷೆಯಲ್ಲಿ ಅದು ಇರಬೇಕು. ಇಲ್ಲಿಯೇ ನಮ್ಮ ಭಾಷೆಯ ಹೋರಾಟಕ್ಕೂ ಸಂಬಳದ ಹೋರಾಟಕ್ಕೂ ಗಂಟು ಬೀಳುವುದು. 1969ರ ಕೇರಳದ ಅಧಿಕೃತ ಭಾಷಾ ಕಾಯ್ದೆ, ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಸರಕಾರದೊಂದಿಗೆ ತಮ್ಮ ಭಾಷೆಯಲ್ಲಿ ವ್ಯವಹರಿಸಬಹುದೆಂದು ಬರೆದಿಟ್ಟಿತು. ನಾವು ಆ ಹಕ್ಕನ್ನು ಹಿಡಿದು ಅರ್ಜಿ ನಮೂನೆಗಾಗಿ, ಬೋರ್ಡುಗಳಿಗಾಗಿ, ಅಧ್ಯಾಪಕರ ಹುದ್ದೆಗಾಗಿ ಜಗಳಾಡಿದೆವು. ಆ ಜಗಳ ಬೇಕಾಗಿಯೇ ಇತ್ತು. ಈಗ ಇನ್ನೊಂದು ಹೆಜ್ಜೆ ಮುಂದೆ ಹೋಗೋಣ. ಕನ್ನಡ ಓದುವ ಹುಡುಗಿ ಸಹಿ ಹಾಕುವ ಕಾಗದ ಅವಳಿಗೆ ಓದಲು ಬರುವ ಭಾಷೆಯಲ್ಲಿರಲಿ. ಬೇಕಲಕ್ಕೋ ಕುಂಬಳೆಗೋ ದುಡಿಯಲು ಬರುವ ಒಡಿಶಾದ, ಅಸ್ಸಾಮಿನ ಹುಡುಗನಿಗೂ ಅವನ ಭಾಷೆಯಲ್ಲಿರಲಿ. ನಮಗೆ ಬೇಕಾದದ್ದನ್ನು ಇನ್ನೊಬ್ಬನಿಗೆ ಬೇಡವೆನ್ನಲು ನಾವು ಯಾರು?

ಪ್ರವಾಸೋದ್ಯಮ ಬೇಡವೆಂದು ನಾನು ಹೇಳುತ್ತಿಲ್ಲ. ಬೇಕಲದ ಅಭಿವೃದ್ಧಿಗೆಂದು 1995ರಲ್ಲಿ ಸರಕಾರ ನಿಗಮವನ್ನೇ ಸ್ಥಾಪಿಸಿತು. ಕೋಟೆ ನೋಡಲು ಜನ ಬರಲಿ, ಪಾರ್ಕುಗಳೂ ಬರಲಿ, ಮಕ್ಕಳು ನೀರಲ್ಲಿ ಆಡಲಿ. ಬಡವನ ಮಗುವಿಗೂ ಒಂದು ದಿನದ ಸಂತೋಷ ಬೇಕು. ಆದರೆ ಸರಕಾರದ ಜಾಗ, ಸರಕಾರದ ರಸ್ತೆ, ಸರಕಾರದ ನೀರು ಪಡೆದು ಬರುವವನಿಗೆ ನಾವು ಕೇಳಬೇಕಾದ ಮೊದಲ ಪ್ರಶ್ನೆ “ಎಷ್ಟು ಮಂದಿಗೆ ಕೆಲಸ?” ಎಂಬುದಲ್ಲ, “ಎಂಥ ಕೆಲಸ?” ಎಂಬುದು. ಆನಹೈಮಿನ ಮತದಾರರು ಕೇಳಿದ್ದೂ ಅಷ್ಟೇ: ಊರಿನ ಹಣ ಪಡೆದವನು ಊರಿನವರಿಗೆ ಬದುಕುವಷ್ಟು ಸಂಬಳ ಕೊಡಲಿ. ನಮ್ಮ ಪಂಚಾಯತುಗಳಿಗೆ ಆ ಪ್ರಶ್ನೆ ಕೇಳಲು ನಾಲಗೆ ಇಲ್ಲವೇ?

ಮನೆಯವರೂ ಕೇಳಬೇಕು. ಮಗಳಿಗೆ ಸಂಬಂಧ ನೋಡುವಾಗ ಹುಡುಗನ ಏಳು ತಲೆಮಾರು ವಿಚಾರಿಸುವ ನಾವು, ಅದೇ ಮಗಳು ಕೆಲಸಕ್ಕೆ ಹೋಗುವಾಗ ಮಾಲಕನ ಬಗ್ಗೆ ಒಂದು ಮಾತೂ ವಿಚಾರಿಸುವುದಿಲ್ಲ. ನೇಮಕ ಮಾಡುವವರು ಪಾರ್ಕಿನವರೋ ಗುತ್ತಿಗೆದಾರನೋ? ಪತ್ರದ ಪ್ರತಿ ಕೈಗೆ ಸಿಗುತ್ತದೆಯೇ? ವಾರದ ರಜೆ ಯಾವಾಗ? ಬಿದ್ದು ಗಾಯವಾದರೆ ಖರ್ಚು ಯಾರದ್ದು? ರಾತ್ರಿ ಕೆಲಸ ಮುಗಿದ ಮೇಲೆ ಮನೆ ಸೇರುವುದು ಹೇಗೆ? ಈ ಐದು ಪ್ರಶ್ನೆ ಕೇಳಲು ಯಾವ ಪದವಿಯೂ ಬೇಡ. ಉತ್ತರ ಕೊಡದವನ ಬಳಿಗೆ ಮಗುವನ್ನು ಕಳುಹಿಸಬೇಡಿ. ಕಳುಹಿಸಲೇಬೇಕಾದ ಕಷ್ಟವಿದ್ದರೆ ಅಲ್ಲಿ ಸಂಘವಿದೆಯೇ ಎಂದು ವಿಚಾರಿಸಲು ಹೇಳಿ. ಇಲ್ಲದಿದ್ದರೆ ಕಟ್ಟಲು ಹೇಳಿ.

ಇನ್ನು ನಾವು ಟಿಕೆಟು ಕೊಂಡು ಒಳಗೆ ಹೋಗುವವರಾದಾಗ? ಕರಡಿಯ ಬಾಲ ಎಳೆಯುವ ಮಗುವಿಗೆ, “ಒಳಗೆ ಒಬ್ಬ ಅಣ್ಣನಿದ್ದಾನೆ, ಅವನಿಗೆ ನೋವಾಗುತ್ತದೆ” ಎಂದು ಹೇಳೋಣ. ನಾನು ಅಂದು ಮೊಮ್ಮಗಳಿಗೆ ಹೇಳಿದೆ. ಬಸ್ಸು ಹತ್ತುವ ಮುಂಚೆ ಅವಳು ತನ್ನ ಕೈಯಲ್ಲಿದ್ದ ಬಿಸ್ಕತ್ತಿನ ಪೊಟ್ಟಣವನ್ನು ಅವನಿಗೆ ಕೊಟ್ಟಳು. ಅವನು ತೆಗೆದುಕೊಂಡ, ನಕ್ಕ. ಇಡೀ ದಿನದಲ್ಲಿ ಅವನ ಮುಖದ ನಗು ನಾನು ಕಂಡದ್ದು ಆಗಲೇ. ಅಷ್ಟು ಹೊತ್ತು ನಗುತ್ತಿದ್ದದ್ದು ಕರಡಿ.

ಆ ಮುಖಂಡರು ಈ ಸಂಚಿಕೆಯನ್ನು ಓದುತ್ತಾರೆಂದು ನನಗೆ ಗೊತ್ತು. ಅವರಿಗೆ ಮತ್ತೊಮ್ಮೆ ಕೇಳುತ್ತೇನೆ: ಸ್ವಾಮೀ, ಆ ಮುನ್ನೂರು ಮಂದಿಗೆ ಸಂಬಳ ಎಷ್ಟು?